ಮೊಣಕಾಲಿನ ಮೇಲೋ, ಕೆಳಗೋ?

ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಸ್ಥಾಪನೆಯಾದದ್ದು 1868ರಲ್ಲಿ. ನೋವು ಮರೆಸುವ ಕ್ಲೋರೋಫಾರ್ಮ್ ಬಳಕೆಗೆ ಬಂದು ಆಗ್ಗೆ 21 ವರ್ಷ. ಗಾಯ ಕೀವಾಗದಂತೆ ಕಾಯುವ ವಿಧಾನವನ್ನು ಲಿಸ್ಟರ್ ಪ್ರಕಟಿಸಿ ಒಂದೇ ವರ್ಷ. ಅದಕ್ಕೂ ಮುಂಚೆ ಶಸ್ತ್ರವೈದ್ಯನ ಹೆಗ್ಗಳಿಕೆಯೆಲ್ಲ ಗರಗಸದ ವೇಗದಲ್ಲಿತ್ತು. ಈಗಿನ ವೈದ್ಯರು ತೂಗಿ ನೋಡುವುದು ಕಾಲನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು.

ಅಂಗಚ್ಛೇದನದ ಹೆಸರುಗಳು ಹುಟ್ಟಿದ್ದೂ ಹೆಚ್ಚಾಗಿ ಈ ‘ಎಲ್ಲಿ’ ಎಂಬುದರಿಂದಲೇ. ಪಾದದ ನಡುವಣ ಕೀಲು ಬಿಡಿಸಿ ಮುಂಭಾಗವನ್ನು ತೆಗೆದರೆ ಲಿಸ್‌ಫ್ರಾಂಕ್, ಇನ್ನಷ್ಟು ಹಿಂದೆ ಸರಿದರೆ ಶೋಪಾರ್. ಇಬ್ಬರೂ ಫ್ರಾನ್ಸಿನ ಶಸ್ತ್ರವೈದ್ಯರು. ಹರಡಿನ ಬಳಿ ಪಾದವನ್ನು ತೆಗೆದು, ಹಿಮ್ಮಡಿಯ ಗಟ್ಟಿ ಚರ್ಮವನ್ನೇ ಮೋಟಿಗೆ ಹೊದಿಸುವುದು ಸೈಮ್ ಛೇದನ. ಎಡಿನ್‌ಬರೋದ ಜೇಮ್ಸ್ ಸೈಮ್ ಇದನ್ನು ಮೊದಲು ಮಾಡಿದ್ದು 1842ರಲ್ಲಿ. (ಲಿಸ್ಟರನಿಗೆ ಈತ ಹೆಣ್ಣು ಕೊಟ್ಟ ಮಾವ.) ಇಂಥ ಮೋಟಿನ ಮೇಲೆ ಮೈಭಾರ ಹೊತ್ತು ನಿಲ್ಲಬಹುದು. ಮೇಲೇರಿದಂತೆ ವೈದ್ಯರ ಹೆಸರು ಮರೆಯಾಗಿ ಎಲುಬಿನ ಹೆಸರು ಬರುತ್ತದೆ: ಕಣಕಾಲಿನ ಎಲುಬನ್ನು ಕೊಯ್ದರೆ ಟ್ರಾನ್ಸ್‌ಟಿಬಿಯಲ್, ತೊಡೆಯೆಲುಬನ್ನು ಕೊಯ್ದರೆ ಟ್ರಾನ್ಸ್‌ಫೆಮರಲ್. ಎಲುಬನ್ನು ಕೊಯ್ಯದೆ ಮೊಣಕಾಲಿನ ಅಥವಾ ಸೊಂಟದ ಕೀಲನ್ನೇ ಬಿಡಿಸಿದರೆ ಡಿಸ್‌ಆರ್ಟಿಕ್ಯುಲೇಶನ್. ಅಂತರರಾಷ್ಟ್ರೀಯ ಮಾನಕವೊಂದು 1989ರಲ್ಲಿ ಈ ಪರಿಭಾಷೆಯನ್ನು ಗೊತ್ತುಮಾಡಿತಾದರೂ ವಾರ್ಡುಗಳಲ್ಲಿ ಇನ್ನೂ ಕೇಳಿಬರುವುದು ‘ಬಿ.ಕೆ.’, ‘ಎ.ಕೆ.’ ಎಂಬ ಹಳೆಯ ಮಾತುಗಳೇ. ಮೊಣಕಾಲಿನ ಕೆಳಗೆ, ಮೊಣಕಾಲಿನ ಮೇಲೆ ಎಂದು ಅವುಗಳ ಅರ್ಥ.

ಅಳೆದರೆ ಗೇಣುದ್ದದ ಅಂತರ. ಆದರೆ ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು ಕೃತಕ ಕಾಲಿನಿಂದ ನಡೆಯುವಾಗ ಮೊದಲಿಗಿಂತ ಸುಮಾರು ನಾಲ್ಕರಲ್ಲೊಂದು ಪಾಲು ಹೆಚ್ಚು ಶಕ್ತಿ ವ್ಯಯವಾದರೆ, ಮೇಲೆ ಕಳೆದುಕೊಂಡವರಿಗೆ ಮೂರರಲ್ಲೆರಡು ಪಾಲಿನಷ್ಟು ಹೆಚ್ಚು. ಮುಪ್ಪಿನಲ್ಲಿ ಇಷ್ಟು ಶಕ್ತಿಯನ್ನು ತರುವುದೆಲ್ಲಿಂದ? ಹಾಗೆಂದು ಮೊಣಕಾಲನ್ನು ಉಳಿಸುವ ಆಸೆಯಿಂದ ರಕ್ತ ಸಂಚಾರವಿಲ್ಲದೆಡೆ ಕೊಯ್ದರೆ ಗಾಯ ಮಾಯದೆ ಎರಡನೆಯ ಶಸ್ತ್ರಕ್ರಿಯೆ ತಪ್ಪದು. ಸಕ್ಕರೆ ಕಾಯಿಲೆಯ ಮನೆಗಳಲ್ಲಿ ನಡೆಯುವ ದುರಂತ ಬೇರೆಯೇ ಬಗೆಯದು. ಕಪ್ಪಾದ ಬೆರಳನ್ನು ತೆಗೆಯಲು ಒಪ್ಪದೆ ಮನೆಯವರು ವಾರಗಟ್ಟಲೆ ತಳ್ಳುತ್ತಾರೆ. ಅಷ್ಟರಲ್ಲಿ ಕೊಳೆತ ಮೇಲೇರಿ, ಬೆರಳಿನಲ್ಲಿ ಮುಗಿಯಬಹುದಾಗಿದ್ದುದು ತೊಡೆಗೆ ಬಂದು ನಿಲ್ಲುತ್ತದೆ.

ಮೊಣಕಾಲು ಉಳಿದವರಿಗೆ ನಮ್ಮ ದೇಶದಲ್ಲಿ ಇನ್ನೊಂದು ಅನುಕೂಲವೂ ಇದೆ. 1968ರಲ್ಲಿ ಡಾ. ಪಿ. ಕೆ. ಸೇಠಿ ಮತ್ತು ಶಿಲ್ಪಿ ರಾಮಚಂದ್ರ ಶರ್ಮ ರೂಪಿಸಿದ ಜೈಪುರ ಪಾದ ರಬ್ಬರಿನದು. ಅದಕ್ಕೆ ಬೂಟು ಬೇಕಿಲ್ಲ. ಅದನ್ನು ತೊಟ್ಟವರು ಕುಕ್ಕರಗಾಲಿನಲ್ಲಿ ಕೂರಬಹುದು, ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ಊಟಕ್ಕೆ ಕೂರಬಹುದು. ಹಲಸೂರಿನ ಸೋಮೇಶ್ವರನ ಗುಡಿಯ ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಎಲ್ಲರಂತೆ ಒಳಗೆ ನಡೆಯಬಹುದು.