ಗಗನಮಾರ್ಗದ ದೂರವೂ ಕಾಲವೂ

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ? ಹಾಸನ, ಸಕಲೇಶಪುರಗಳನ್ನು ಹಾದು ಶಿರಾಡಿ ಘಟ್ಟವನ್ನಿಳಿದು ಹೋಗುವವರಿಗೆ ಅದು ಸುಮಾರು 350 ಕಿಲೋಮೀಟರು. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬಜಪೆಯ ನಿಲ್ದಾಣಕ್ಕೆ ನೆಟ್ಟನೆ ಗೆರೆಯೆಳೆದರೆ ಸುಮಾರು 300. ವಿಮಾನಕ್ಕೆ ಬೆಟ್ಟಗಳನ್ನು ಬಳಸಿ ಹೋಗುವ ಕಷ್ಟವಿಲ್ಲವಷ್ಟೆ.

ಇಷ್ಟನ್ನು ಕೇಳಿದೊಡನೆ ಗಣಿತ ಬಲ್ಲವರು ಭಾಗಾಕಾರಕ್ಕೆ ತೊಡಗುವರು. ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 800 ಕಿಲೋಮೀಟರು. ಆದುದರಿಂದ ಈ ಪ್ರಯಾಣಕ್ಕೆ 23 ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಕಾಣುವುದು ಒಂದು ಗಂಟೆಯ ಆಸುಪಾಸು. ಉಳಿದ ನಿಮಿಷಗಳು ಎಲ್ಲಿ ಹೋದುವು?

ಭಾಗಾಕಾರದಲ್ಲಿ ತಪ್ಪಿಲ್ಲ. ವಿಮಾನವು ಎಂದೂ ಮಾಡದ ಪ್ರಯಾಣಕ್ಕೆ ನಾವು ಲೆಕ್ಕ ಹಾಕಿದೆವು, ಅಷ್ಟೆ. ವೇಳಾಪಟ್ಟಿಯ ಕಾಲವು ವಿಮಾನವು ತಂಗಿದ ಸ್ಥಳದಿಂದ ಕದಲಿದಾಗ ಮೊದಲಾಗಿ, ಇನ್ನೊಂದು ನಿಲ್ದಾಣದಲ್ಲಿ ಬಂದು ನಿಂತಾಗ ಮುಗಿಯುತ್ತದೆ. ನೆಲದ ಮೇಲೆ ಅದು ಮೆಲ್ಲನೆ ಉರುಳಬೇಕು. ತನ್ನ ಸರದಿಗೆ ಕಾಯಬೇಕು. ಏರಿದ ಮೇಲೂ 10,000 ಅಡಿಗಳ ಕೆಳಗೆ ಗಂಟೆಗೆ ಸುಮಾರು 460 ಕಿಲೋಮೀಟರಿಗೆ ಮೀರಿ ಹೋಗಬಾರದೆಂಬುದು ಸಾಮಾನ್ಯ ನಿಯಮ. ಇನ್ನು ಇಳಿಯುವಿಕೆ. 25,000 ಅಡಿ ಎತ್ತರದಿಂದ ನಿಧಾನವಾಗಿ ಇಳಿಯಲು ಸುಮಾರು 140 ಕಿಲೋಮೀಟರು ಬೇಕು. ಎಂದರೆ ದಾರಿಯ ಹೆಚ್ಚುಕಡಮೆ ಅರ್ಧ ಇಳಿಜಾರೇ ಆಯಿತು! ಪೂರ್ಣ ವೇಗದ ಹಾರಾಟಕ್ಕೆ ಉಳಿಯುವುದು ಕೆಲವೇ ನಿಮಿಷ.

ಬೆಂಗಳೂರಿನಿಂದ ದೆಹಲಿಯ ದೂರ ಇದರ ಐದು ಪಟ್ಟಿಗೂ ಹೆಚ್ಚು. ಕಾಲವಾದರೋ ಮೂರು ಪಟ್ಟನ್ನು ಅಷ್ಟಾಗಿ ಮೀರದು. ಏರುವ ಇಳಿಯುವ ವೆಚ್ಚ ದೂರದ ದಾರಿಗೂ ಹತ್ತಿರದ ದಾರಿಗೂ ಬಹುಮಟ್ಟಿಗೆ ಒಂದೇ ಆಗಿರುವುದೇ ಇದಕ್ಕೆ ಕಾರಣ.

ಈ ನಿಮಿಷಗಳು ವ್ಯರ್ಥವೆಂದು ಬಗೆಯುವವರು ಮಂಗಳೂರಿನ ನಿಲ್ದಾಣವನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. 1951ರಲ್ಲಿ ತೆರೆದ ಈ ನಿಲ್ದಾಣವು ಗುಡ್ಡದ ನೆತ್ತಿಯ ಮೇಲಿದೆ. 2006ರಲ್ಲಿ ಬಳಕೆಗೆ ಬಂದ ದೊಡ್ಡ ಓಡುದಾರಿಯ ಉದ್ದ ಸುಮಾರು 2,450 ಮೀಟರು. ಅದರ ಕೊನೆಯಾಚೆಗೆ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನವೊಂದು ಇರಬೇಕಾದುದಕ್ಕಿಂತ ಎತ್ತರದಲ್ಲಿ ಸಮೀಪಿಸಿ, ಓಡುದಾರಿಯ ಬಹುಭಾಗವನ್ನು ದಾಟಿದ ಮೇಲೆ ನೆಲ ಮುಟ್ಟಿ, ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮೃತರಾದರು. ಇಳಿಯದೆ ಮತ್ತೆ ಮೇಲೇರೋಣವೆಂದು ಸಹವೈಮಾನಿಕನು ಮೂರು ಬಾರಿ ಹೇಳಿದ್ದನೆಂದು ವಿಚಾರಣೆಯಿಂದ ತಿಳಿದುಬಂದಿತು. ಮೇಲೇರಿ ಒಂದು ಸುತ್ತು ಬಂದಿದ್ದರೆ ತಗಲುತ್ತಿದ್ದುದು ಕೆಲವು ನಿಮಿಷ ಮಾತ್ರ.

ಮುಂಗಾರಿನಲ್ಲಿ ಮಂಗಳೂರಿಗೆ ಹೋಗುವ ನಮ್ಮ ವಿಮಾನವು ಮೋಡದಲ್ಲಿ ಓಡುದಾರಿ ಕಾಣದೆ ಮತ್ತೆ ಮೇಲೇರುವುದುಂಟು. ಪಕ್ಕದವರು ಗಡಿಯಾರ ನೋಡಿ ಗೊಣಗುವರು. ಎದುರುಗೊಳ್ಳಲು ಬಂದವರು ಹೊರಗೆ ಕಾತರಿಸುವರು. ಆಗ ನಾವು 23 ನಿಮಿಷದ ಲೆಕ್ಕವನ್ನು ಬದಿಗಿಟ್ಟು ಸುಮ್ಮನೆ ಕುಳಿತಿರುವುದು ಲೇಸು. ವೈಮಾನಿಕನು ಆ ಹೊತ್ತಿನಲ್ಲಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುವನು.