ಯಾವ ಗರಗಸ ಮೊದಲು?

ಒಂದೇ ದಿಮ್ಮಿ. ಎರಡು ಚೈನ್‌ಸಾ.
ಮೊದಲು ಕೊಯ್ದು ಮುಗಿಸುವುದು ಯಾವುದು?
ದೊಡ್ಡ ಎಂಜಿನ್ನಿನದೇ?

ಗಂಗಾವತಿ, ಕುಷ್ಟಗಿ ಕಡೆಯ ಬೀಳುಭೂಮಿಯ ಬಳ್ಳಾರಿ ಜಾಲಿ
ಇದಕ್ಕೆ ಒಳ್ಳೆಯ ಪರೀಕ್ಷೆ.
ಮೂಲ ಅಮೆರಿಕ ಖಂಡದ್ದು, ಹೆಸರಷ್ಟೇ ಬಳ್ಳಾರಿಯದು.
ಕಟ್ಟಿಗೆ ಬಲು ಗಟ್ಟಿ.
ಒಣಗಿದರಂತೂ ಕೇಳುವುದೇ ಬೇಡ.

ಎಂಜಿನ್ ಕೊಡುವುದು ಬಲ.
ಕೊಯ್ಯುವುದು ಚೈನಿನ ಹಲ್ಲು.
ಪೂರ್ತಿ ವೇಗದಲ್ಲಿ ಚೈನು
ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ.

ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ದಿಣ್ಣೆ.
ಹಲ್ಲಿಗಿಂತ ಅರ್ಧ ಮಿಲಿಮೀಟರಿನಷ್ಟು,
ಇಲ್ಲವೇ ತುಸು ಹೆಚ್ಚು, ತಗ್ಗು.
ಆ ಅಂತರದಷ್ಟೇ ಆಳಕ್ಕೆ ಹಲ್ಲು ಇಳಿಯುತ್ತದೆ.
ವೇಗದ ಆಸೆಗೆ ದಿಣ್ಣೆಯನ್ನು ಅತಿಯಾಗಿ ಉಜ್ಜಿದರೆ
ಗರಗಸ ಹಿಡಿದವರ ಮೇಲೇ ಚಿಮ್ಮಬಹುದು.
ಪಂದ್ಯ ಗೆಲ್ಲಲು ಇದು ದುಬಾರಿ ಉಪಾಯ.

ಮೊಂಡು ಹಲ್ಲು,
ಭತ್ತದ ಗದ್ದೆಯಲ್ಲಿ ಮೊಂಡು ಕುಡುಗೋಲಿದ್ದಂತೆ.
ಎಳೆಯುತ್ತದೆ, ಕೊಯ್ಯುವುದಿಲ್ಲ.

ಗುರುತು ಕೆಳಗೆ ಬಿದ್ದ ಪುಡಿಯಲ್ಲಿದೆ.
ಚೂಪು ಹಲ್ಲಿನಿಂದ ಚಕ್ಕೆ ಉದುರುತ್ತದೆ.
ಹಿಟ್ಟಿನಂಥ ಧೂಳು ಬಂತೆಂದರೆ, ಹಲ್ಲು ಮೊಂಡಾಗಿದೆ.

ಆಗ ದುಂಡು ಅರ ಹೊರಗೆ ಬರುತ್ತದೆ.
ಪ್ರತಿ ಹಲ್ಲಿಗೂ ಒಂದೇ ಕೋನ, ಎರಡು ಮೂರು ಉಜ್ಜು.
ಹಾಗೆ ಸಾಣೆ ಕಂಡ ಸಣ್ಣ ಗರಗಸ
ಮೊಂಡು ಚೈನಿನ ದೊಡ್ಡದನ್ನು ಹಿಂದೆ ಹಾಕಬಲ್ಲದು.