ಸಮೀಕ್ಷೆಗಳಲ್ಲಿ ಚಲಕಗಳು ಮತ್ತು ಅವುಗಳ ವಿಧಗಳು

ಪೀಠಿಕೆ

ಜನಗಣತಿ, ಕುಟುಂಬ ಸಮೀಕ್ಷೆ ಹಾಗೂ ಸೌಲಭ್ಯ ಕೋರಿ ಸಲ್ಲಿಸುವ ಅರ್ಜಿಗಳಲ್ಲಿ ನಾಗರಿಕರು ನೀಡುವ ಉತ್ತರಗಳು ಅಂಕಿ-ಅಂಶಗಳಾಗಿ ಪರಿವರ್ತನೆಗೊಂಡು, ಯೋಜನೆಗಳ ರೂಪಣೆಗೂ ಅನುದಾನದ ಹಂಚಿಕೆಗೂ ಆಧಾರವಾಗುತ್ತವೆ. ತಮ್ಮ ಉತ್ತರವು ಯಾವ ಬಗೆಯ ಅಂಕಿ-ಅಂಶವಾಗುತ್ತದೆ ಎಂಬುದನ್ನು ಅರಿತವರು ನಿಖರವಾದ ಮಾಹಿತಿ ನೀಡಬಲ್ಲರು. ಸಂಶೋಧನಾ ವಿಧಾನದಲ್ಲಿ ‘ಚಲಕ’ ಎಂದು ಕರೆಯಲಾಗುವ ಪರಿಕಲ್ಪನೆಯನ್ನು ದಕ್ಷಿಣ ಕನ್ನಡ ಜಿಲ್ಲೆ, ಬಂಟ್ವಾಳ ತಾಲ್ಲೂಕಿನ ನರಿಕೊಂಬು ಗ್ರಾಮದ ಪರಿಸರಕ್ಕೆ ಹೊಂದುವ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

ಚಲಕ ಎಂದರೇನು?

ವ್ಯಕ್ತಿಯಿಂದ ವ್ಯಕ್ತಿಗೆ, ಸ್ಥಳದಿಂದ ಸ್ಥಳಕ್ಕೆ ಅಥವಾ ಕಾಲದಿಂದ ಕಾಲಕ್ಕೆ ಬದಲಾಗುವ, ಅಳೆಯಲು ಇಲ್ಲವೇ ವರ್ಗೀಕರಿಸಲು ಸಾಧ್ಯವಿರುವ ಲಕ್ಷಣವೇ ಚಲಕ. ಕುಟುಂಬದ ಮಾತೃಭಾಷೆ, ಸದಸ್ಯರ ಸಂಖ್ಯೆ, ಅಡಿಕೆ ತೋಟದ ವಿಸ್ತೀರ್ಣ ಇವು ಚಲಕಗಳು. ಸಮೀಕ್ಷೆಯು ನರಿಕೊಂಬು ಗ್ರಾಮಕ್ಕಷ್ಟೇ ಸೀಮಿತವಾಗಿದ್ದಲ್ಲಿ ‘ತಾಲ್ಲೂಕು’ ಎಂಬುದು ಎಲ್ಲರಿಗೂ ಒಂದೇ ಆಗಿರುವುದರಿಂದ ಅದು ಸ್ಥಿರಾಂಶ. ಜಿಲ್ಲಾ ಮಟ್ಟದ ಸಮೀಕ್ಷೆಯಲ್ಲಿ ಅದೇ ಚಲಕವಾಗುತ್ತದೆ.

ಮಾಪನದ ಆಧಾರದ ಮೇಲೆ ವಿಧಗಳು

1. ನಾಮಸೂಚಕ ಚಲಕ: ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಂಬ ಮಾತೃಭಾಷೆಗಳಲ್ಲಿ ಮೇಲು-ಕೀಳೆಂಬುದಿಲ್ಲ, ಅವು ಕೇವಲ ಬೇರೆ ಬೇರೆ ವರ್ಗಗಳು. 2011ರ ಜನಗಣತಿಯಲ್ಲಿ ಪುರುಷರಿಗೆ 1, ಮಹಿಳೆಯರಿಗೆ 2, ಇತರರಿಗೆ 3 ಎಂಬ ಸಂಕೇತ ನೀಡಲಾಗಿತ್ತು. ಇವು ಅಂಕಿಗಳಂತೆ ಕಂಡರೂ ಹೆಸರುಗಳೇ ಆಗಿದ್ದು, ಇವುಗಳ ಸರಾಸರಿಗೆ ಯಾವ ಅರ್ಥವೂ ಇಲ್ಲ.

2. ಕ್ರಮಸೂಚಕ ಚಲಕ: ಇಲ್ಲಿ ವರ್ಗಗಳಿಗೆ ಏರಿಳಿತದ ಕ್ರಮವಿರುತ್ತದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 35 ತಾಲ್ಲೂಕುಗಳನ್ನು ಹಿಂದುಳಿದ, 40ನ್ನು ಅತಿ ಹಿಂದುಳಿದ ಹಾಗೂ 39ನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತು. ಈ ವರ್ಗಗಳ ಕ್ರಮ ಸ್ಪಷ್ಟವಿದ್ದರೂ ಅವುಗಳ ನಡುವಿನ ಅಂತರ ಸಮಾನವೆಂದು ಭಾವಿಸುವಂತಿಲ್ಲ.

3. ವಿಚ್ಛಿನ್ನ ಚಲಕ: ಎಣಿಸಬಹುದಾದದ್ದು. ಉದಾ: ಕುಟುಂಬದ ಸದಸ್ಯರು, ಜಾನುವಾರುಗಳು. ನಾಲ್ಕೂವರೆ ಸದಸ್ಯರು ಯಾವ ಮನೆಯಲ್ಲಿಯೂ ಇರಲಾರರು.

4. ಅವಿಚ್ಛಿನ್ನ ಚಲಕ: ಅಳೆಯಬಹುದಾದದ್ದು, ಯಾವುದೇ ಎರಡು ಬೆಲೆಗಳ ನಡುವೆ ಮತ್ತೊಂದು ಬೆಲೆ ಸಾಧ್ಯ. ಉದಾ: ಜಮೀನಿನ ವಿಸ್ತೀರ್ಣ, ಮಳೆಯ ಪ್ರಮಾಣ, ನದಿಯ ನೀರಿನ ಮಟ್ಟ.

ಸಂಬಂಧದ ಆಧಾರದ ಮೇಲೆ ವಿಧಗಳು

ಪಶ್ಚಿಮ ಘಟ್ಟದ ತಪ್ಪಲಿನಲ್ಲಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿ ಭಾರಿ ಮಳೆಯಾದರೆ ಕೆಳಭಾಗದ ಬಂಟ್ವಾಳದಲ್ಲಿ ನೇತ್ರಾವತಿ ಉಕ್ಕುತ್ತದೆ. ಈ ಅಧ್ಯಯನದಲ್ಲಿ ಮಳೆಯ ಪ್ರಮಾಣವು ಸ್ವತಂತ್ರ ಚಲಕ. ನದಿಯ ಮಟ್ಟವು ಅವಲಂಬಿತ ಚಲಕ. ಅಣೆಕಟ್ಟೆಗಳಿಂದ ಬಿಡುವ ನೀರು, ಹಿಂದಿನ ದಿನಗಳ ಮಳೆಯಿಂದ ನೆನೆದ ಮಣ್ಣು ಮುಂತಾದವು ಫಲಿತಾಂಶದ ಮೇಲೆ ಪ್ರಭಾವ ಬೀರುವ ಬಾಹ್ಯ ಚಲಕಗಳು. ಇವುಗಳನ್ನು ಪರಿಗಣಿಸದೆ ನೆರೆಗೆ ಒಂದು ದಿನದ ಮಳೆಯೊಂದೇ ಕಾರಣವೆಂದು ತೀರ್ಮಾನಿಸುವುದು ಸರಿಯಲ್ಲ.

ಅಳತೆಯು ವರ್ಗವಾಗುವ ಬಗೆ

ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟವನ್ನು 8.5 ಮೀಟರ್ ಎಂದು ಗುರುತಿಸಲಾಗಿದೆ. ನೀರು ಏರುವುದು ಅವಿಚ್ಛಿನ್ನವಾಗಿ. ‘ಅಪಾಯ’ ಎಂಬ ವರ್ಗವಾದರೋ ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆ. 8.4 ಮೀಟರ್‌ನಲ್ಲಿ ನದೀತೀರದ ಮನೆಗಳು ನಿಶ್ಚಿಂತವಾಗಿರಬಹುದೆಂದು ಇದರ ಅರ್ಥವಲ್ಲ.

ದುಡಿಮೆಯ ವಿಷಯದಲ್ಲಿಯೂ ಇಂತಹ ಗೆರೆಯಿದೆ. 2011ರ ಜನಗಣತಿಯಲ್ಲಿ ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ದುಡಿದವರನ್ನು ಮುಖ್ಯ ಕೆಲಸಗಾರರೆಂದೂ, ಅದಕ್ಕಿಂತ ಕಡಿಮೆ ಕಾಲ ದುಡಿದವರನ್ನು ಅಂಚಿನ ಕೆಲಸಗಾರರೆಂದೂ ವರ್ಗೀಕರಿಸಲಾಯಿತು. ಬಂಟ್ವಾಳ ಪರಿಸರದಲ್ಲಿ ಬೀಡಿ ಕಟ್ಟುವುದು ಮಹಿಳೆಯರ ಬಹುಕಾಲದ ಮನೆಗೆಲಸದ ನಡುವಿನ ಆದಾಯದ ದಾರಿ. ಬೀಡಿ ಕಟ್ಟುವ ಮಹಿಳೆಯು ಉದ್ಯೋಗದ ಪ್ರಶ್ನೆಗೆ ‘ಮನೆಯಲ್ಲಿಯೇ ಇದ್ದೇನೆ’ ಎಂದಷ್ಟೇ ಉತ್ತರಿಸಿದಲ್ಲಿ, ಆಕೆಯ ದುಡಿಮೆ ಲೆಕ್ಕದಿಂದ ಹೊರಗುಳಿಯುವ ಸಂಭವವಿದೆ. ಇಂತಹ ಉತ್ತರಗಳು ಹೆಚ್ಚಿದಷ್ಟೂ ಊರಿನಲ್ಲಿ ದುಡಿಯುವ ಮಹಿಳೆಯರೇ ವಿರಳವೆಂಬ ತಪ್ಪು ಚಿತ್ರ ಮೂಡಿ, ಅವರಿಗಾಗಿ ರೂಪಿಸಬೇಕಾದ ಯೋಜನೆಗಳಿಗೆ ಆಧಾರವೇ ಇಲ್ಲದಂತಾಗುತ್ತದೆ.

ನಾಗರಿಕರು ಗಮನಿಸಬೇಕಾದ ಅಂಶಗಳು

• ತಾವು ಯಾವ ವರ್ಗಕ್ಕೆ ಸೇರುತ್ತೇವೆಂದು ಊಹಿಸಿ ಹೇಳುವುದರ ಬದಲು ದುಡಿದ ದಿನಗಳು, ಆದಾಯ, ವಿಸ್ತೀರ್ಣ ಮುಂತಾದವುಗಳ ನೈಜ ಅಳತೆಯನ್ನು ತಿಳಿಸುವುದು.
• ವಯಸ್ಸನ್ನು ಪೂರ್ಣಗೊಂಡ ವರ್ಷಗಳಲ್ಲಿ ಕೇಳಿದ್ದಲ್ಲಿ ಹಾಗೆಯೇ ನೀಡುವುದು.
• ಜನಗಣತಿಯಲ್ಲಿ 7 ವರ್ಷ ಹಾಗೂ ಮೇಲ್ಪಟ್ಟವರು ಯಾವುದೇ ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರಾಗಿದ್ದರೆ ಸಾಕ್ಷರರು. ಇದಕ್ಕೆ ಶಾಲಾ ಶಿಕ್ಷಣ ಕಡ್ಡಾಯವಲ್ಲ.
• ಜನಗಣತಿಯಲ್ಲಿ ನೀಡುವ ವೈಯಕ್ತಿಕ ಮಾಹಿತಿಯು 1948ರ ಜನಗಣತಿ ಅಧಿನಿಯಮದನ್ವಯ ಗೋಪ್ಯವಾಗಿರುತ್ತದೆ. ಆದುದರಿಂದ ಯಾವುದೇ ಅಂಜಿಕೆಯಿಲ್ಲದೆ ನಿಜವಾದ ಮಾಹಿತಿಯನ್ನು ನೀಡಬಹುದು.